ಎದೆಹಾಲೋ ಡಬ್ಬಿ ಹಾಲೋ: ತೀರ್ಮಾನ ಯಾರದು?

(ಸ್ತನ್ಯಪಾನ ಸಪ್ತಾಹದ ಅಂಗವಾಗಿ ಶಿವಮೊಗ್ಗದಲ್ಲಿ ಮಹಿಳಾ ಸಂಘವೊಂದು ಏರ್ಪಡಿಸಿದ್ದ ಸಭೆಯಲ್ಲಿ ಮಕ್ಕಳ ವೈದ್ಯೆಯಾಗಿ ಆಡಿದ ಮಾತುಗಳ ಬರಹ ರೂಪ. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಬರಲು ಒಪ್ಪಿಕೊಳ್ಳುವಾಗ ಸಂಘಟಕರಿಗೆ ಒಂದು ಷರತ್ತು ಹಾಕಿದ್ದೆ. ಬಸುರಿಯರು, ಬಾಣಂತಿಯರು ಮಾತ್ರ ಬಂದರೆ ಸಾಲದು, ಅವರ ಗಂಡಂದಿರು, ಅತ್ತೆಯಂದಿರು, ಅಮ್ಮಂದಿರೂ ಬರಬೇಕು ಎಂದು. ಮುಂದಿನ ಸಾಲಿನಲ್ಲಿ ಅಜ್ಜಿಯಂದಿರು ಕುಳಿತಿರುವುದನ್ನು ಕಂಡು ಸಂತೋಷವಾಯಿತು. ಗಂಡಸರು ಮಾತ್ರ ಹಿಂದಿನ ಬಾಗಿಲ ಹತ್ತಿರ ನಿಂತಿದ್ದಾರೆ. ಪರವಾಗಿಲ್ಲ, ಧ್ವನಿವರ್ಧಕ ಚೆನ್ನಾಗಿದೆ.

ಷರತ್ತು ಯಾಕೆಂದರೆ, ಎದೆಹಾಲು ಕೊಡುವುದೋ ಪುಡಿ ಹಾಲು ಕೊಡುವುದೋ ಎಂಬುದು ತಾಯಿಗೆ ಬಿಟ್ಟದ್ದು ಎಂದು ಈಗ ಎಲ್ಲರೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೆರಿಗೆ ವಾರ್ಡಿನಲ್ಲಿ ನಾನು ಕಂಡಂತೆ, ತಾಯಿ ಸಮಾಧಾನವಾಗಿ ಕುಳಿತು, ಎರಡನ್ನೂ ತೂಗಿ ನೋಡಿ, ತಾನೇ ತೀರ್ಮಾನಿಸುವುದು ಅಪರೂಪ. ತೀರ್ಮಾನ ಆಗುವುದು ಹೆರಿಗೆಯಾದ ಎರಡನೆಯ ರಾತ್ರಿ, ಆಕೆ ಹೊಲಿಗೆಯ ನೋವಿನಲ್ಲಿ ನಿದ್ದೆಗೆಟ್ಟು ಮಲಗಿರುವಾಗ, ಮಂಚದ ಸುತ್ತ ನಿಂತವರಿಂದ. ಇಲ್ಲವೇ ನಾಲ್ಕನೆಯ ತಿಂಗಳಲ್ಲಿ, ಆಕೆ ಕೆಲಸ ಮಾಡುವ ಕಡೆಯ ಹಾಜರಿ ಪುಸ್ತಕದಿಂದ. ಹೊಣೆ ಮಾತ್ರ ಕೊನೆಗೆ ಆಕೆಯ ಕೊರಳಿಗೇ ಬೀಳುತ್ತದೆ. ಎದೆಹಾಲು ಕೊಡದಿದ್ದರೆ 'ಈ ಕಾಲದ ಹುಡುಗಿಯರಿಗೆ ಸೌಂದರ್ಯದ ಚಿಂತೆ', ಎದೆಹಾಲನ್ನೇ ಕೊಡುತ್ತೇನೆಂದು ಹಟ ಹಿಡಿದರೆ 'ಮಗುವನ್ನು ಉಪವಾಸ ಕೆಡವುತ್ತಿದ್ದಾಳೆ'. ಎರಡೂ ಮಾತನ್ನು ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ ಆಡಿದವರುಂಟು.

ಆ ಎರಡನೆಯ ರಾತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಊರು ಯಾವುದಾದರೂ, ಆಸ್ಪತ್ರೆ ಸರ್ಕಾರದ್ದಾದರೂ ಖಾಸಗಿಯಾದರೂ ಅದು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಸಿಸೇರಿಯನ್ ಆಗಿದೆ ಎಂದಿಟ್ಟುಕೊಳ್ಳಿ. ಮೊದಲ ದಿನವೆಲ್ಲ ಮಗು ನಿದ್ದೆ ಮಾಡಿರುತ್ತದೆ. ನೋಡಲು ಬಂದವರು 'ಎಷ್ಟು ಸಾಧು ಮಗು' ಎಂದು ಹೊಗಳಿ ಹೋಗಿರುತ್ತಾರೆ. ಮಾರನೆಯ ದಿನ ರಾತ್ರಿ ಹತ್ತರ ಹೊತ್ತಿಗೆ ಅದೇ ಸಾಧು ಮಗು ಅಳಲು ಶುರುಮಾಡುತ್ತದೆ. ಎದೆಗೆ ಹಿಡಿದರೆ ಹತ್ತು ನಿಮಿಷ ಚೀಪುತ್ತದೆ, ಕಣ್ಣು ಮುಚ್ಚುತ್ತದೆ, ತೊಟ್ಟಿಲಲ್ಲಿ ಮಲಗಿಸಿದ ಕೂಡಲೇ ಮತ್ತೆ ಕಿರುಚುತ್ತದೆ. ಎರಡು ಗಂಟೆ ಇದೇ ನಡೆಯುತ್ತದೆ. ಪಕ್ಕದ ಮಂಚದವರು ಮಗ್ಗುಲು ಬದಲಿಸಿ ನಿಟ್ಟುಸಿರು ಬಿಡುತ್ತಾರೆ. ಆಗ ಯಾರೋ ಒಬ್ಬರು ಬಾಣಂತಿಯ ಎದೆಯನ್ನು ಒತ್ತಿ ನೋಡುತ್ತಾರೆ. ಒಂದೆರಡು ಹನಿ ಹಳದಿ ದ್ರವ ಬರುತ್ತದೆ, ಅಷ್ಟೇ. 'ಹಾಲೇ ಇಳಿದಿಲ್ಲ, ಮಗು ಹಸಿದು ಸಾಯುತ್ತಿದೆ' ಎಂಬ ತೀರ್ಪು ಹೊರಬೀಳುತ್ತದೆ. ಗಂಡ ಚಪ್ಪಲಿ ಮೆಟ್ಟಿಕೊಂಡು ಆಸ್ಪತ್ರೆಯ ಎದುರಿನ ಮೆಡಿಕಲ್ ಶಾಪಿಗೆ ಓಡುತ್ತಾನೆ. ಡಬ್ಬಿ ಬರುತ್ತದೆ, ಬಾಟಲಿ ಬರುತ್ತದೆ. ಫ್ಲಾಸ್ಕಿನಲ್ಲಿ ಸಂಜೆಯಿಂದ ಇದ್ದ ಉಗುರುಬೆಚ್ಚನೆಯ ನೀರಿನಲ್ಲಿ ಪುಡಿ ಕಲಸಲಾಗುತ್ತದೆ. ಮಗು ಮೂವತ್ತು ಮಿಲಿ ಕುಡಿದು ಮೂರು ತಾಸು ಮಲಗುತ್ತದೆ. 'ನೋಡಿದೆಯಾ, ನಾನು ಹೇಳಲಿಲ್ಲವೇ?' ಎಂದು ತೀರ್ಪು ಕೊಟ್ಟವರು ಗೆಲ್ಲುತ್ತಾರೆ. ತಾಯಿ ಗೋಡೆಯ ಕಡೆ ತಿರುಗಿ ಮಲಗುತ್ತಾಳೆ.

ಆ ರಾತ್ರಿ ದೇಹದೊಳಗೆ ಏನು ನಡೆಯುತ್ತಿತ್ತು ಎಂಬುದು ಆ ಕೋಣೆಯಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಕಥೆ ಬೇರೆಯಾಗುತ್ತಿತ್ತು. ಹುಟ್ಟಿದ ಮೊದಲ 24 ಗಂಟೆಗಳಲ್ಲಿ ಮಗು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿಲಿ. ಒಂದು ಟೀ ಚಮಚ ಎಂದರೆ 5 ಮಿಲಿ. ಲೆಕ್ಕ ನೀವೇ ಹಾಕಿ. ಎರಡನೆಯ ದಿನ ಅದು 5ರಿಂದ 15 ಮಿಲಿ ಆಗಬಹುದು. ಆ ಹಳದಿ ಗಿಣ್ಣುಹಾಲು ಇರುವುದು ಈ ಅಳತೆಗೇ. ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ, ಆಗ ಹಾಲು ತುಂಬಿಕೊಳ್ಳಲು ದಾರಿಯಾಗುತ್ತದೆ. ಎದೆ ಬಿಗಿದು ಹಾಲು ಇಳಿಯುವುದು ಎರಡರಿಂದ ನಾಲ್ಕನೆಯ ದಿನದೊಳಗೆ. ಸಿಸೇರಿಯನ್ ಆದವರಲ್ಲಿ, ಮೊದಲ ಹೆರಿಗೆಯವರಲ್ಲಿ ಇನ್ನೂ ಸ್ವಲ್ಪ ತಡ. ಎರಡನೆಯ ರಾತ್ರಿ ಮಗು ಬಿಡದೆ ಚೀಪಲು ಹಾತೊರೆಯುವುದು ಈ ಹಾಲನ್ನು ಕರೆಸುವುದಕ್ಕೆ. ಚೀಪಿದಾಗಲೆಲ್ಲ ಹಾಲು ತಯಾರಿಸಲು ಹೇಳುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತದೆ, ಅದರಲ್ಲೂ ರಾತ್ರಿ ಹೆಚ್ಚು ಏರುತ್ತದೆ. ಸೇದಿದಷ್ಟೂ ಒರತೆ ಬಿಡುವ ಬಾವಿಯ ಲೆಕ್ಕ ಇದು. ನಾವು ಡಬ್ಬಿ ಹಾಲು ಕೊಟ್ಟು ಮಲಗಿಸಿದ ಆ ಮೂರು ತಾಸು ಸೇದುವವರೇ ಇಲ್ಲ. ಮರುದಿನ ಎರಡು ಸಲ, ಅದರ ಮರುದಿನ ನಾಲ್ಕು ಸಲ ಡಬ್ಬಿ ತೆರೆಯುತ್ತದೆ, ಎದೆಹಾಲು ನಿಜವಾಗಿಯೂ ಕಡಿಮೆಯಾಗುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಆ ರಾತ್ರಿಯ ಸುಳ್ಳು ತೀರ್ಪು ನಿಜವಾಗಿಬಿಡುತ್ತದೆ.

ಹಾಗಾದರೆ ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎದೆ ಒತ್ತಿ ನೋಡಿ ಅಲ್ಲ, ಅಳುವಿನಿಂದಲೂ ಅಲ್ಲ. ಒದ್ದೆ ಬಟ್ಟೆ ಎಣಿಸಿ, ಮಗುವನ್ನು ತೂಗಿ. ಮೊದಲ ದಿನ ಒಂದು ಸಲ, ಎರಡನೆಯ ದಿನ ಎರಡು ಸಲ ಮೂತ್ರ ಮಾಡಿದರೆ ಸಾಕು. ಐದಾರನೆಯ ದಿನದಿಂದ ದಿನಕ್ಕೆ ಆರು ಸಲಕ್ಕೆ ಕಡಿಮೆ ಇರಬಾರದು. ಕಪ್ಪು ಮಲ ನಾಲ್ಕೈದು ದಿನದೊಳಗೆ ಹಳದಿಗೆ ತಿರುಗಬೇಕು. ಹುಟ್ಟಿದ ತೂಕದಲ್ಲಿ ಮೊದಲ ವಾರ ಶೇಕಡ 7ರವರೆಗೆ ಇಳಿದರೆ ಗಾಬರಿ ಬೇಡ. 10 ದಾಟಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕ ವಾಪಸು ಬಂದಿರಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ತಕ್ಕಡಿ ತಂದಿರುತ್ತಾಳೆ, ನಾಚಿಕೊಳ್ಳದೆ ತೂಗಿಸಿ. 'ಬೆತ್ತಲೆ ತೂಗಿದರೆ ದೃಷ್ಟಿಯಾಗುತ್ತದೆ' ಎನ್ನುವ ಅಜ್ಜಿಯರಿಗೆ ನಾನು ಹೇಳುವುದಿಷ್ಟೇ: ತೂಗಿದ ಮೇಲೆ ದೃಷ್ಟಿ ತೆಗೆದುಬಿಡಿ.

ಕಲಿಸಿಕೊಡುವವರು ಹತ್ತಿರವಿದ್ದರೆ ಅರ್ಧ ಸಮಸ್ಯೆ ಆ ಕ್ಷಣದಲ್ಲೇ ಮುಗಿಯುತ್ತದೆ. ತೊಟ್ಟು ಬಿರಿದು ರಕ್ತ ಬರುವುದು ತಾಯ್ತನದ ಸಹಜ ನೋವಲ್ಲ, ಮಗು ಸರಿಯಾಗಿ ಬಾಯಿ ಹಾಕಿಲ್ಲ ಎಂಬುದರ ಗುರುತು. ಬರಿಯ ತೊಟ್ಟನ್ನಲ್ಲ, ಅದರ ಸುತ್ತಲಿನ ಕಪ್ಪು ಭಾಗವನ್ನೂ ಬಾಯಿತುಂಬ ಹಿಡಿಯಬೇಕು; ಮಗುವಿನ ಗದ್ದ ಎದೆಗೆ ತಾಗಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು. ಇದನ್ನು ತೋರಿಸಲು ಐದು ನಿಮಿಷ ಸಾಕು. ಆ ಐದು ನಿಮಿಷ ಯಾರ ಹತ್ತಿರವೂ ಇಲ್ಲ ಎಂಬುದೇ ನಮ್ಮ ಆಸ್ಪತ್ರೆಗಳ ಗೋಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದೇಶದಲ್ಲಿ ಶೇಕಡ 88.6 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕಿದ ಮಕ್ಕಳು ಶೇಕಡ 41.8 ಮಾತ್ರ. ಆಸ್ಪತ್ರೆಗೆ ಕರೆತರುವ ಕೆಲಸವನ್ನು ನಾವು ಬಹುಮಟ್ಟಿಗೆ ಗೆದ್ದಿದ್ದೇವೆ. ಆಸ್ಪತ್ರೆಯೊಳಗೆ ಬಂದ ಮೇಲೆ ಸೋತಿದ್ದೇವೆ. ಅದೇ ಸಮೀಕ್ಷೆಯ ಪ್ರಕಾರ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡ 47.4 ಸಿಸೇರಿಯನ್. ತಾಯಿ ಒಂದು ಕೋಣೆಯಲ್ಲಿ, ಮಗು ಇನ್ನೊಂದು ಕೋಣೆಯಲ್ಲಿ ಇದ್ದರೆ ಮೊದಲ ಗಂಟೆ ಹೀಗೆಯೇ ಹೋಗುತ್ತದೆ. ಇದರಲ್ಲಿ ತಾಯಿಯ ತಪ್ಪೇನಿದೆ?

ಎದೆಹಾಲಿನ ಗುಣಗಾನ ಮಾಡುವವರು ಕೆಲವೊಮ್ಮೆ ಅತಿ ಮಾಡುತ್ತಾರೆ. ಎದೆಹಾಲು ಕುಡಿದವನು ಜಾಣನಾಗುತ್ತಾನೆ, ದಪ್ಪಗಾಗುವುದಿಲ್ಲ, ಆಸ್ತಮಾ ಬರುವುದಿಲ್ಲ ಎಂಬ ಪಟ್ಟಿ ಕೇಳಿದರೆ ಸಿದ್ಧೌಷಧದ ಜಾಹೀರಾತು ಕೇಳಿದಂತಾಗುತ್ತದೆ. ಎದೆಹಾಲು ಕೊಡುವ ತಾಯಂದಿರು ಬಹಳ ದೇಶಗಳಲ್ಲಿ ಹೆಚ್ಚು ಓದಿದವರು, ಅನುಕೂಲಸ್ಥರು. ಅವರ ಮಕ್ಕಳು ಮುಂದೆ ಬಂದರೆ ಅದು ಹಾಲಿನ ಫಲವೋ ಮನೆಯ ಫಲವೋ ಬೇರ್ಪಡಿಸುವುದು ಕಷ್ಟ. ಬೆಲಾರೂಸಿನಲ್ಲಿ 1996-97ರಲ್ಲಿ ಆರಂಭವಾದ ಒಂದು ಅಧ್ಯಯನ ಈ ಗಂಟನ್ನು ಜಾಣತನದಿಂದ ಬಿಡಿಸಿತು. ತಾಯಂದಿರಿಗೆ ನೀವು ಇದನ್ನೇ ಕೊಡಿ ಎಂದು ಚೀಟಿ ಎತ್ತುವಂತಿಲ್ಲವಲ್ಲ. ಆದ್ದರಿಂದ ಆಸ್ಪತ್ರೆಗಳ ಚೀಟಿ ಎತ್ತಿದರು. 31 ಆಸ್ಪತ್ರೆಗಳಲ್ಲಿ ಕೆಲವದರಲ್ಲಿ ಸಿಬ್ಬಂದಿಗೆ ಸ್ತನ್ಯಪಾನಕ್ಕೆ ನೆರವಾಗುವ ತರಬೇತಿ ಕೊಟ್ಟರು, ಉಳಿದವು ಮೊದಲಿನಂತೆಯೇ ನಡೆದವು. 17,046 ತಾಯಿ ಮಕ್ಕಳನ್ನು ಹಿಂಬಾಲಿಸಿದರು.

ಏನಾಯಿತು? ಮೂರನೆಯ ತಿಂಗಳಲ್ಲಿ ಬರಿ ಎದೆಹಾಲಿನ ಮೇಲಿದ್ದ ಮಕ್ಕಳು ತರಬೇತಿ ಪಡೆದ ಆಸ್ಪತ್ರೆಗಳಲ್ಲಿ ಶೇಕಡ 43.3, ಉಳಿದ ಕಡೆ ಶೇಕಡ 6.4. ತಾಯಂದಿರು ಅದೇ ದೇಶದವರು, ಅವರ ದೇಹವೂ ಅದೇ. ಬದಲಾದದ್ದು ವಾರ್ಡಿನ ನಡವಳಿಕೆ. ಹಾಲು ಬರುವುದಿಲ್ಲ ಎಂದು ಸೊಸೆಯ ಮೇಲೆ ಬೆರಳು ತೋರಿಸುವವರು ಈ ಒಂದು ಅಂಕಿಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಲಿ. ಮೊದಲ ವರ್ಷದಲ್ಲಿ ವಾಂತಿಭೇದಿ ಬಂದ ಮಕ್ಕಳು ತರಬೇತಿ ಪಡೆದ ಕಡೆ ಶೇಕಡ 9.1, ಉಳಿದ ಕಡೆ ಶೇಕಡ 13.2. ಚರ್ಮದ ಇಸುಬೂ ಕಡಿಮೆಯಾಗಿತ್ತು. ಆರೂವರೆ ವರ್ಷದಲ್ಲಿ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸ್ವಲ್ಪ ಮೇಲುಗೈ ಕಂಡಿತು. ಬೊಜ್ಜಿನ ವಿಷಯದಲ್ಲಿ ಮಾತ್ರ ಲಾಭ ಕಾಣಲಿಲ್ಲ. ಎಂದರೆ ಲಾಭ ನಿಜ, ಆದರೆ ಶುದ್ಧ ನೀರು, ಹತ್ತಿರದಲ್ಲೇ ಆಸ್ಪತ್ರೆ ಇರುವಲ್ಲಿ ಅದು ಆಕಾಶ ಪಾತಾಳದ ವ್ಯತ್ಯಾಸವೇನಲ್ಲ.

ಅಮೆರಿಕದಲ್ಲೋ ಜರ್ಮನಿಯಲ್ಲೋ ಇರುವ ನಿಮ್ಮ ಮಗಳು ಡಬ್ಬಿ ಹಾಲು ಕೊಡುತ್ತೇನೆ ಎಂದರೆ ನೀವು ಇಲ್ಲಿಂದ ಫೋನಿನಲ್ಲಿ ಅತ್ತು ಕರೆದು ಮಾಡಬೇಡಿ. ಅಲ್ಲಿ ಆ ಮಗು ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಅಲ್ಲಿಯೂ ಡಬ್ಬಿಯನ್ನೇ ನೆಚ್ಚಿಕೊಳ್ಳುವುದಕ್ಕೆ ತನ್ನದೇ ಆದ ಅಪಾಯವಿದೆ. 2022ರಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಒಂದೇ ಒಂದು ಕಾರ್ಖಾನೆ ಬಾಗಿಲು ಮುಚ್ಚಿದ್ದಕ್ಕೆ ಇಡೀ ದೇಶದಲ್ಲಿ ತಾಯಂದಿರು ಅಂಗಡಿಯಿಂದ ಅಂಗಡಿಗೆ ಅಲೆದರು. ಚೀನಾದಲ್ಲಿ 2008ರಲ್ಲಿ ಹಾಲಿನ ಪುಡಿಗೆ ಮೆಲಮೈನ್ ಎಂಬ ಕಾರ್ಖಾನೆಯ ರಾಸಾಯನಿಕ ಬೆರೆಸಿದ್ದು ಬಯಲಾದಾಗ ಆರು ಹಸುಗೂಸುಗಳು ಸತ್ತಿದ್ದವು, ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದಿದ್ದರು.

ನಮ್ಮ ಕಡೆಯ ಲೆಕ್ಕವೇ ಬೇರೆ. ಭಾರತ, ಘಾನಾ, ಪೆರು ದೇಶಗಳ ಬಡ ಪ್ರದೇಶಗಳಲ್ಲಿ ಸಾವಿರಾರು ಹಸುಗೂಸುಗಳನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಹಾಲೇ ಸಿಗದ ಮಕ್ಕಳ ಸಾವಿನ ಸಂಭವ ಮುಖ್ಯವಾಗಿ ಎದೆಹಾಲಿನ ಮೇಲೆ ಬೆಳೆದ ಮಕ್ಕಳಿಗಿಂತ ಹತ್ತು ಪಟ್ಟಿಗೂ ಹೆಚ್ಚಿತ್ತು. ಪುಡಿ ವಿಷವೆಂದಲ್ಲ. ಪುಡಿಯ ಜೊತೆ ನೀರು ಬರುತ್ತದೆ, ಬಾಟಲಿ ಬರುತ್ತದೆ, ತಿಂಗಳ ಕೊನೆ ಬರುತ್ತದೆ.

ತಿಂಗಳ ಕೊನೆ ಎಂದೆ, ಲೆಕ್ಕ ಮಾಡೋಣ. ಐದು ಕಿಲೋ ತೂಗುವ ಮಗುವಿಗೆ ದಿನಕ್ಕೆ ಸುಮಾರು 750 ಮಿಲಿ ಹಾಲು ಬೇಕು. ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿಲಿ ನೀರಿಗೆ ಒಂದು ಮಟ್ಟ ಚಮಚ ಪುಡಿ. ದಿನಕ್ಕೆ 25 ಚಮಚ, ಅಂದರೆ ನೂರು ಗ್ರಾಮಿಗೂ ಸ್ವಲ್ಪ ಮೇಲೆ. 400 ಗ್ರಾಮಿನ ಡಬ್ಬಿ ನಾಲ್ಕನೆಯ ದಿನ ತಳ ಕಾಣುತ್ತದೆ. ತಿಂಗಳಿಗೆ ಎಂಟು ಡಬ್ಬಿ. ಅಂಗಡಿಯಲ್ಲಿ ಬೆಲೆ ಕೇಳಿ ಎಂಟರಿಂದ ಗುಣಿಸಿ, ಮನೆಗೆ ಬರುವ ಕೂಲಿಯ ಜೊತೆ ಹೋಲಿಸಿ. ಕೂಲಿ ಸಾಲದೇ ಹೋದಾಗ ತಾಯಿ ಏನು ಮಾಡುತ್ತಾಳೆ? ಚಮಚ ಕಡಿಮೆ ಮಾಡುತ್ತಾಳೆ. 60 ಮಿಲಿಗೆ ಒಂದು ಚಮಚ ಹಾಕುತ್ತಾಳೆ. ಹಾಲು ಬೆಳ್ಳಗೇ ಕಾಣುತ್ತದೆ, ಮಗು ಕುಡಿಯುತ್ತದೆ, ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಅತಿಯಾಗಿ ತೆಳುವಾದ ಹಾಲಿನಿಂದ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವುದೂ ಉಂಟು.

ಇನ್ನೊಂದು ಸಂಗತಿಯನ್ನು ಪೇಟೆಯವರು ಮರೆಯುತ್ತಾರೆ. ಹಳ್ಳಿಗಳಲ್ಲಿ ಎದೆಹಾಲಿಗೂ ಡಬ್ಬಿ ಹಾಲಿಗೂ ನಡುವೆ ಮೂರನೆಯದೊಂದಿದೆ: ಅರ್ಧ ನೀರು ಬೆರೆಸಿದ ಹಸುವಿನ ಹಾಲು. ಹಟ್ಟಿಯಲ್ಲಿ ಹಸುವಿರುವಾಗ ಡಬ್ಬಿ ಯಾಕೆ ಎಂಬ ಮಾತು ತರ್ಕಬದ್ಧವಾಗಿಯೇ ಕೇಳಿಸುತ್ತದೆ. ಆದರೆ ಹಸುವಿನ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಪ್ರೋಟೀನು ಮತ್ತು ಲವಣ ಎಳೆಯ ಮೂತ್ರಪಿಂಡಕ್ಕೆ ಹೊರೆ. ನೀರು ಬೆರೆಸಿದರೆ ಹೊರೆ ಇಳಿಯುತ್ತದೆ, ಶಕ್ತಿಯೂ ಇಳಿಯುತ್ತದೆ. ಎದೆಹಾಲು ಸಾಧ್ಯವೇ ಇಲ್ಲ ಎಂದಾದರೆ ಮೊದಲ ವರ್ಷಕ್ಕೆ ಡಬ್ಬಿ ಹಾಲೇ ಹಸುವಿನ ಹಾಲಿಗಿಂತ ಸರಿ. ಜೇನುತುಪ್ಪ ನೆಕ್ಕಿಸುವುದು, ಸಕ್ಕರೆ ನೀರು ಕುಡಿಸುವುದು ಬೇಡವೇ ಬೇಡ. ಜೇನಿನಲ್ಲಿ ಬಾಟ್ಯುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಕಾಯಿಲೆ ತರುವ ಬೀಜಾಣುಗಳಿರಬಹುದು. ಒಂದು ವರ್ಷದವರೆಗೆ ಅದು ಡಬ್ಬದಲ್ಲೇ ಇರಲಿ.

ಡಬ್ಬಿ ಹಾಲಿನ ಇತಿಹಾಸ ನಮ್ಮ ನೆರೆಯಲ್ಲೂ ಹಾದುಹೋಗಿದೆ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಯುರೋಪಿನಲ್ಲಿ 1860ರ ದಶಕದಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಲೀಬಿಗ್, ಸ್ವಿಟ್ಜರ್ಲೆಂಡಿನಲ್ಲಿ ಹೆನ್ರಿ ನೆಸ್ಲೆ ಮಕ್ಕಳ ಕೃತಕ ಆಹಾರವನ್ನು ಮಾರುಕಟ್ಟೆಗೆ ತಂದರು. ತಾಯಿ ಸತ್ತ ಮಕ್ಕಳು ಬದುಕುವುದೇ ಕಷ್ಟವಾಗಿದ್ದ ಕಾಲ ಅದು. ಸ್ವಾತಂತ್ರ್ಯ ಬಂದ ಮೇಲೂ ಭಾರತ ಮಗುವಿನ ಹಾಲಿನ ಪುಡಿಯನ್ನು ಹೊರದೇಶದಿಂದ ತರಿಸುತ್ತಿತ್ತು. ನಮ್ಮಲ್ಲಿ ಹೆಚ್ಚು ಸಿಗುವುದು ಎಮ್ಮೆ ಹಾಲು. ಅದರ ಕೊಬ್ಬು, ಗಟ್ಟಿ ಗಿಣ್ಣಾಗುವ ಪ್ರೋಟೀನು ಹಸುಗೂಸಿಗೆ ಅರಗುವುದಿಲ್ಲ ಎಂದು ಹೊರಗಿನ ತಜ್ಞರು ತಳ್ಳಿಹಾಕಿಬಿಟ್ಟಿದ್ದರು. ಐವತ್ತರ ದಶಕದಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆ ಹಾಲನ್ನೇ ಹದಗೊಳಿಸಿ ಮಗುವಿನ ಆಹಾರ ತಯಾರಿಸುವ ವಿಧಾನ ಕಂಡುಹಿಡಿದರು. ಗುಜರಾತಿನ ಆಣಂದದಲ್ಲಿ ಅಮೂಲ್ ಅದನ್ನು ದೇಶಕ್ಕೆ ಹಂಚಿತು. ಆ ಸಂಶೋಧನಾಲಯ ಇರುವುದು ಚೆಲುವಾಂಬ ವಿಲಾಸ ಎಂಬ ಅರಮನೆಯಲ್ಲಿ. ಮೈಸೂರಿನ ದೊಡ್ಡ ಹೆರಿಗೆ ಆಸ್ಪತ್ರೆಯ ಹೆಸರೂ ಚೆಲುವಾಂಬ. ಒಂದೇ ಊರಿನಲ್ಲಿ, ಒಂದೇ ಹೆಸರಿನ ಎರಡು ಕಟ್ಟಡಗಳು, ಒಂದರಲ್ಲಿ ಪುಡಿ ಹಾಲಿನ ಸಂಶೋಧನೆ, ಇನ್ನೊಂದರಲ್ಲಿ ಹೆರಿಗೆ. ಆ ಸಂಶೋಧನೆ ಹೆಮ್ಮೆಯ ಕೆಲಸ ಎಂದೇ ನಾನು ಭಾವಿಸುತ್ತೇನೆ. ತೊಂದರೆ ಪ್ರಯೋಗಾಲಯದಿಂದ ಬಂದದ್ದಲ್ಲ, ಮಾರಾಟದಿಂದ.

ಮಾರಾಟದ ಬಗ್ಗೆ ಮೊದಲು ಗುಡುಗಿದವರಲ್ಲಿ ಒಬ್ಬರು ಸಿಸಿಲಿ ವಿಲಿಯಮ್ಸ್ ಎಂಬ ಮಕ್ಕಳ ವೈದ್ಯೆ. 1939ರಲ್ಲಿ ಸಿಂಗಪುರದ ರೋಟರಿ ಸಭೆಯಲ್ಲಿ, ತಾಯಂದಿರಿಗೆ ಸಿಹಿ ಮಂದ ಹಾಲನ್ನು ಎದೆಹಾಲಿಗೆ ಬದಲು ಎಂದು ಮಾರುವುದು ಕೊಲೆಗೆ ಸಮ ಎಂದರು. ಕೇಳಿದವರು ವ್ಯಾಪಾರಸ್ಥರೇ. ಎಪ್ಪತ್ತರ ದಶಕದಲ್ಲಿ ಆಫ್ರಿಕದ ಹೆರಿಗೆ ವಾರ್ಡುಗಳಲ್ಲಿ ದಾದಿಯರ ಸಮವಸ್ತ್ರ ತೊಟ್ಟ ಮಾರಾಟಗಾರ್ತಿಯರು ಉಚಿತ ಡಬ್ಬಿ ಹಂಚುತ್ತಿದ್ದ ಸಂಗತಿ ಹೊರಬಂದು, 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಬಹಿಷ್ಕಾರ ಆರಂಭವಾಯಿತು. ಉಚಿತ ಡಬ್ಬಿ ಮುಗಿಯುವ ಹೊತ್ತಿಗೆ ಎದೆ ಬತ್ತಿರುತ್ತದೆ, ಮುಂದಿನದನ್ನು ಕೊಳ್ಳಲೇಬೇಕು. ಮಾರಾಟದ ಗುಟ್ಟು ಅಷ್ಟೇ. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇಂಥ ಮಾರಾಟಕ್ಕೆ ಕಡಿವಾಣ ಹಾಕುವ ಸಂಹಿತೆಯನ್ನು ಒಪ್ಪಿತು. ಪರವಾಗಿ 118 ದೇಶಗಳು, ವಿರುದ್ಧ ಒಂದೇ ಒಂದು, ಅಮೆರಿಕ.

ಭಾರತ 1992ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿತು, 2003ರಲ್ಲಿ ಬಿಗಿಗೊಳಿಸಿತು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲಿಗೆ, ಆಹಾರಕ್ಕೆ, ಬಾಟಲಿಗೆ ಜಾಹೀರಾತು ಕೊಡುವಂತಿಲ್ಲ, ಉಚಿತ ಮಾದರಿ ಹಂಚುವಂತಿಲ್ಲ, ವೈದ್ಯರಿಗೆ ಉಡುಗೊರೆ, ಸಮ್ಮೇಳನಗಳಿಗೆ ಹಣ ಕೊಡುವಂತಿಲ್ಲ. ಡಬ್ಬಿಯ ಮೇಲೆ ಮಗುವಿನ ಚಿತ್ರ, ತಾಯಿಯ ಚಿತ್ರ ಹಾಕುವಂತಿಲ್ಲ. ತಾಯಿಯ ಹಾಲೇ ನಿಮ್ಮ ಮಗುವಿಗೆ ಶ್ರೇಷ್ಠ ಎಂದು ದಪ್ಪಕ್ಷರದಲ್ಲಿ ಬರೆಯಲೇಬೇಕು. ಜಗತ್ತಿನ ಬಿಗಿಯಾದ ಕಾಯಿದೆಗಳಲ್ಲಿ ಇದೂ ಒಂದು. ವೈದ್ಯರ ಮೇಜಿನ ಮೇಲಿನ ಕ್ಯಾಲೆಂಡರಿನಲ್ಲಿ, ಮೊಬೈಲಿನಲ್ಲಿ ಮುದ್ದು ಅಮ್ಮಂದಿರು ಆಡುವ ಮಾತಿನಲ್ಲಿ ಜಾಹೀರಾತು ಈ ಕಾಯಿದೆಯಿಂದ ಹೇಗೆ ನುಣುಚಿಕೊಳ್ಳುತ್ತದೆ ಎಂಬುದನ್ನು ನೀವೇ ಗಮನಿಸಿ. ಬಿಡುಗಡೆ ಚೀಟಿಯಲ್ಲಿ ಕಾರಣ ಬರೆಯದೆ ಡಬ್ಬಿಯ ಬ್ರಾಂಡಿನ ಹೆಸರು ಮಾತ್ರ ಬರೆದಿದ್ದರೆ, ಯಾಕೆ ಎಂದು ವೈದ್ಯರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

ಈಗ ನಾಲ್ಕನೆಯ ತಿಂಗಳಿಗೆ ಬರೋಣ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಎಂದು ನಾವು ವೈದ್ಯರು ಹೇಳುತ್ತೇವೆ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರ ಆಯಿತು. ಹೆರಿಗೆಗೆ ಮುಂಚೆ ಎಂಟು ವಾರ ತೆಗೆದುಕೊಂಡವಳಿಗೆ ಉಳಿಯುವುದು 18 ವಾರ, ನಾಲ್ಕು ತಿಂಗಳು ಚಿಲ್ಲರೆ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಬೇರೆ. ಕಾಗದದ ಮೇಲೆ ಇಷ್ಟಿದೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಗಂಟೆಗೆ ಇಷ್ಟು ಪೀಸ್ ಎಂಬ ಗುರಿ ಇರುವಾಗ ಹೊಲಿಗೆ ಯಂತ್ರ ಬಿಟ್ಟು ಎದ್ದು ಹೋಗಿ ಬರುವುದು ಎಷ್ಟು ಸುಲಭ ಎಂದು ಅಲ್ಲಿ ದುಡಿಯುವವರನ್ನು ಕೇಳಬೇಕು. ಅನೇಕರು ಮಗುವನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿರುತ್ತಾರೆ. ಅಲ್ಲಿಗೆ ಶಿಶುಪಾಲನಾ ಕೇಂದ್ರದ ಪ್ರಶ್ನೆಯೇ ಮುಗಿಯಿತು. ಮನೆಗೆಲಸದವರು, ಅಡಿಕೆ ಸುಲಿಯುವವರು, ಗದ್ದೆಯಲ್ಲಿ ನಾಟಿ ಹಾಕುವವರಿಗೆ 26 ವಾರದ ಮಾತೇ ಇಲ್ಲ. ಅವರಿಗಿರುವುದು ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ. ಎದೆಹಾಲು ಪುಕ್ಕಟೆ ಎನ್ನುವವರಿಗೆ ನನ್ನ ಪ್ರಶ್ನೆ: ಆಕೆಯ ಕೂಲಿಯನ್ನು ಯಾರು ತುಂಬಿಕೊಡುತ್ತಾರೆ?

ಇಷ್ಟೆಲ್ಲ ಹೇಳಿದ ಮೇಲೆ, ನಿಜವಾಗಿಯೂ ಹಾಲು ಸಾಲದ ತಾಯಂದಿರಿದ್ದಾರೆ ಎಂಬುದನ್ನು ಒತ್ತಿ ಹೇಳಬೇಕು. ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ಪ್ರೊಲ್ಯಾಕ್ಟಿನ್ ಸುರಿಸುವ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟುಬಿದ್ದವರು, ಮಾಸಿನ ತುಣುಕು ಒಳಗೇ ಉಳಿದವರು, ಥೈರಾಯ್ಡ್ ಕೊರತೆಯಿರುವವರು, ಎದೆಗೆ ಶಸ್ತ್ರಚಿಕಿತ್ಸೆಯಾದವರು, ಹಾಲಿನ ಗ್ರಂಥಿಗಳೇ ಪೂರ್ತಿ ಬೆಳೆಯದವರು. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಎಷ್ಟು ತಿನ್ನಿಸಿದರೂ ಅವರ ಕೊರತೆ ತುಂಬುವುದಿಲ್ಲ. ಕ್ಯಾನ್ಸರಿನ ಔಷಧಿ ತೆಗೆದುಕೊಳ್ಳುವವರು ಕುಡಿಸಬಾರದು. ಗ್ಯಾಲಕ್ಟೊಸೀಮಿಯಾ ಎಂಬ ಅಪರೂಪದ ಕಾಯಿಲೆಯಿರುವ ಮಗುವಿಗೆ ತಾಯಿಯ ಹಾಲೇ ಆಗದು. ಹೆರಿಗೆಯ ನಂತರದ ಖಿನ್ನತೆಯಲ್ಲಿ ಮುಳುಗಿದ ತಾಯಿಗೆ ರಾತ್ರಿಯ ನಿದ್ದೆಯೇ ಔಷಧಿ. ಒಂದು ಹೊತ್ತಿನ ಡಬ್ಬಿ ಹಾಲು ಆ ನಿದ್ದೆ ಕೊಡುವುದಾದರೆ ನಾನೇ ಬರೆದುಕೊಡುತ್ತೇನೆ. ಖಿನ್ನತೆಗೆ ಮಾತ್ರೆ ಬೇಕಾದರೂ ಹೆಚ್ಚಿನವರು ಹಾಲು ಬಿಡಿಸಬೇಕಾಗಿಲ್ಲ, ಹೊಂದುವ ಮಾತ್ರೆಗಳಿವೆ. ಎಲ್ಲ ತಿಳಿದ ಮೇಲೂ ನನಗೆ ಬೇಡ ಎನ್ನುವ ತಾಯಿಯೂ ಇರುತ್ತಾಳೆ. ಆಕೆಗೆ ಉಪದೇಶ ಬೇಡ, ಪುಡಿ ಕಲಸುವ ಸರಿಯಾದ ವಿಧಾನ ಬೇಕು.

ಆ ವಿಧಾನ ಇಲ್ಲಿದೆ. ಪುಡಿ ರೋಗಾಣುಮುಕ್ತವಲ್ಲ, ಆದ್ದರಿಂದ ಉಗುರುಬೆಚ್ಚನೆಯ ನೀರು ಸಾಲದು. ಕುದಿಸಿದ ನೀರನ್ನು ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲು ಅಳೆದು ಪಾತ್ರೆಗೆ ಹಾಕಿ. ಆಮೇಲೆ ಡಬ್ಬಿಯದೇ ಚಮಚದಿಂದ ಪುಡಿ ತೆಗೆದು, ಮೇಲ್ಭಾಗವನ್ನು ಸವರಿ ಮಟ್ಟ ಮಾಡಿ ಬೆರೆಸಿ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಹನಿಸಿ ನೋಡಿ. ಎರಡು ಗಂಟೆಯೊಳಗೆ ಕುಡಿಸದೆ ಉಳಿದದ್ದನ್ನು ಚೆಲ್ಲಿ. ಬಾಟಲಿಯ ಬದಲು ನಮ್ಮ ಅಜ್ಜಿಯರ ಒಳಲೆ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲು, ಸಾಕು. ಬಾಟಲಿಯ ಮೂಲೆ ಮೂಲೆ ತಿಕ್ಕಿ ತೊಳೆಯುವುದು ಕಷ್ಟ. ಒಳಲೆಯಲ್ಲಿ ಮೂಲೆಯೇ ಇಲ್ಲ, ಕುದಿಯುವ ನೀರಿಗೆ ಹಾಕಿ ತೆಗೆದರೆ ಆಯಿತು. ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಚೀಪಲು ಬಾರದ ಮಕ್ಕಳಿಗೆ ದಾದಿಯರು ಹಾಲು ಕುಡಿಸುವುದು ಇದರಲ್ಲೇ.

ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ಕಟ್ಟಿದರು. ಹಾಲು ಹೆಚ್ಚಿರುವ ತಾಯಂದಿರು ದಾನ ಮಾಡಿದ್ದನ್ನು ಪರೀಕ್ಷಿಸಿ, ಪಾಶ್ಚರೀಕರಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಈಗ ಬೆಂಗಳೂರಿನಲ್ಲೂ ಇಂಥ ಬ್ಯಾಂಕುಗಳಿವೆ. ಇದನ್ನು ವ್ಯಾಪಾರ ಮಾಡುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಎಚ್ಚರಿಸಿದೆ.

ಹಕ್ಕಿನ ವಿಷಯ ಬಂದಿದ್ದರಿಂದ ನಮ್ಮದೇ ಹೈಕೋರ್ಟಿನ ಒಂದು ಪ್ರಕರಣ. 2020ರಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಹಸುಗೂಸೊಂದು ಕಳುವಾಗಿ, ಬಾಡಿಗೆ ತಾಯ್ತನದ ಮಗು ಎಂಬ ಸುಳ್ಳಿನೊಂದಿಗೆ ಕೊಪ್ಪಳದ ದಂಪತಿಯ ಕೈಸೇರಿತ್ತು. ಪೊಲೀಸರು ಪತ್ತೆ ಹಚ್ಚಿದ ಮೇಲೆ, ನನಗೆ ಮಕ್ಕಳಿಲ್ಲ, ಹೆತ್ತವಳಿಗೆ ಈಗಾಗಲೇ ಇಬ್ಬರಿದ್ದಾರೆ ಎಂದು ಸಾಕಿದವಳು ಬೇಡಿಕೊಂಡಳು. ಮಕ್ಕಳು ಸಂಖ್ಯೆ ನೋಡಿ ಹಂಚಿಕೊಳ್ಳುವ ಸರಕಲ್ಲ ಎಂದು 2021ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಹೇಳಿದರು, ಎದೆಹಾಲು ಕುಡಿಸುವುದು ಸಂವಿಧಾನದ 21ನೆಯ ವಿಧಿಯಡಿ ತಾಯಿಯ ಕಸಿದುಕೊಳ್ಳಲಾಗದ ಹಕ್ಕು, ಮಗುವಿನ ಹಕ್ಕೂ ಅದರೊಂದಿಗೆ ಬೆಸೆದಿದೆ ಎಂದು ತೀರ್ಪಿತ್ತರು. ಸಾಕಿದವಳು ಮಗುವನ್ನು ಒಪ್ಪಿಸಿದಳು. ಯಾವಾಗ ಬೇಕಾದರೂ ಬಂದು ನೋಡಿಕೊಂಡು ಹೋಗು ಎಂದಳು ಹೆತ್ತವಳು. ಇಬ್ಬರೂ ಬೇರೆ ಬೇರೆ ಧರ್ಮದವರು. ಗಮನಿಸಿ, ನ್ಯಾಯಾಲಯ ಹೇಳಿದ್ದು ತಾಯಿಯ ಹಕ್ಕು ಎಂದು. ನಮ್ಮ ಮನೆಗಳಲ್ಲಿ ಅದನ್ನು ತಾಯಿಯ ಮೇಲಿನ ಕಟ್ಟಳೆಯಾಗಿ ಮಾತ್ರ ನೋಡುತ್ತೇವೆ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು: 'ಬೇಸಿಗೆಯಲ್ಲಿ ಮಗುವಿಗೆ ಬಾಯಾರುವುದಿಲ್ಲವೇ ಡಾಕ್ಟರಮ್ಮ, ಒಂದು ಚಮಚ ನೀರಾದರೂ ಬೇಡವೇ?' ಬೇಡ, ಅಜ್ಜಿ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ. ಬಾಯಾರಿದರೆ ಇನ್ನೊಂದು ಸಲ ಕುಡಿಸಿದರಾಯಿತು. ನೀರು ಕುಡಿಯಬೇಕಾದವಳು ನಿಮ್ಮ ಮಗಳು. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆ ಎಂದು ತಡೆಯಬೇಡಿ.

ಎದೆಹಾಲು ಪರಿಪೂರ್ಣವಾದರೆ ಹನಿ ಔಷಧಿ ಯಾಕೆ ಬರೆದುಕೊಡುತ್ತೀರಿ ಎಂದು ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಎದೆಹಾಲಿನಲ್ಲಿ ಡಿ ವಿಟಮಿನ್ ಕಡಿಮೆ, ಅದಕ್ಕಾಗಿ ದಿನಕ್ಕೆ 400 ಯೂನಿಟ್ ಹನಿ. ಆರು ತಿಂಗಳ ಮೇಲೆ ಕಬ್ಬಿಣವೂ ಸಾಲದು; ಆಗ ರಾಗಿ ಮಣ್ಣಿ, ಬೇಳೆ, ಮೊಟ್ಟೆಯೊಂದಿಗೆ ಮೇಲಾಹಾರ ಆರಂಭಿಸಿ, ಎದೆಹಾಲನ್ನು ಎರಡು ವರ್ಷದವರೆಗೆ ಮುಂದುವರಿಸಬಹುದು.

ಬಾಗಿಲ ಹತ್ತಿರ ನಿಂತಿದ್ದ ಯುವಕರೊಬ್ಬರು ಮುಂದೆ ಬಂದರು. ಹೆಂಡತಿ ಮುಂದಿನ ತಿಂಗಳು ಬ್ಯಾಂಕಿನ ಕೆಲಸಕ್ಕೆ ಮರಳುತ್ತಾರೆ, ಹಿಂಡಿಟ್ಟ ಹಾಲು ಎಷ್ಟು ಹೊತ್ತು ಕೆಡದೆ ಇರುತ್ತದೆ ಎಂದರು. 25 ಡಿಗ್ರಿಯ ಆಸುಪಾಸಿನಲ್ಲಿ ಹೊರಗೆ ನಾಲ್ಕು ಗಂಟೆ. ಸೆಕೆಯಲ್ಲಿ ಅಷ್ಟನ್ನೂ ನೆಚ್ಚಬೇಡಿ. ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ, ಬಾಗಿಲಿನ ಅರೆಯಲ್ಲಿ ಇಡಬಾರದು. ಸ್ಟೀಲ್ ಪಾತ್ರೆಯ ಮೇಲೆ ದಿನ, ಗಂಟೆ ಬರೆದಿಡಿ. ಒಲೆಯ ಮೇಲಾಗಲಿ ಮೈಕ್ರೊವೇವಿನಲ್ಲಾಗಲಿ ಕಾಯಿಸಬೇಡಿ, ಬಿಸಿನೀರಿನ ಬಟ್ಟಲಿನಲ್ಲಿ ಇಟ್ಟರೆ ಸಾಕು. ಮೇಲೆ ಕೆನೆ ಕಟ್ಟಿದ್ದರೆ ಒಡೆದಿದೆ ಎಂದು ಚೆಲ್ಲಬೇಡಿ, ನಿಧಾನವಾಗಿ ಅಲುಗಿಸಿ ಬೆರೆಸಿ. ಒಳಲೆಯಲ್ಲಿ ಕುಡಿಸುವುದನ್ನು ಆಕೆ ಕೆಲಸಕ್ಕೆ ಹೋಗುವ ಎರಡು ವಾರ ಮುಂಚೆಯೇ ನೀವು ಕಲಿತುಕೊಳ್ಳಿ. ತಾಯಿಯ ಕೈಯಿಂದ ಮಗು ಒಳಲೆ ಮುಟ್ಟುವುದಿಲ್ಲ, ಹಾಲಿನ ವಾಸನೆ ಪಕ್ಕದಲ್ಲೇ ಇರುವಾಗ ಅದಕ್ಕೇನು ಹುಚ್ಚೇ? ಆ ಕೆಲಸ ನಿಮ್ಮದೇ.